ಪಾಗಾರ (ಕಾಂಪೌಂಡ್ ಗೋಡೆ) ಕಟ್ಟೋಕೆ ಕಾರವಾರದ ರೂಲ್ಸ್ ಬೇರೆ, ಶಿರಸಿದು ಬೇರೆನಾ?

ಕೋಡಿಬಾಗದವ:
ಕಾರವಾರದ ಕೋಡಿಬಾಗದಲ್ಲಿ ನಮ್ಮದು ಐದು ಗುಂಟೆ ಜಾಗ, ಕಾಳಿ ಹೊಳೆ ಹತ್ರಾನೇ. ಈಗಿರೋದು ದಾಸವಾಳದ ಬೇಲಿ, ಸಂದಿ ಬಿದ್ದಲ್ಲೆಲ್ಲ ಮಡ್ಲು (ಹೆಣೆದ ತೆಂಗಿನ ಗರಿ) ಕಟ್ಟಿದ್ದು, ಪ್ರತಿ ಮಳೆಗಾಲ ಮುಗಿದ್ಮೇಲೆ ಮತ್ತೆ ಗೂಟ ಹುಗಿದು ಕಟ್ಬೇಕು, ಅಪ್ಪನ ಕೈಲಿ ಇನ್ನು ಆಗಲ್ಲ. ಚಿರೆಕಲ್ಲಿನ ಪಾಗಾರ ಹಾಕ್ಸೋಣ ಅಂದ್ರೆ ಮೇಸ್ತ್ರಿ ಪರ್ಮಿಶನ್ ಇಲ್ದೆ ಕೈ ಹಾಕಲ್ಲ ಅಂತಾರೆ. ಶಿರಸಿಲಿ ನಮ್ಮ ಭಾವ ಹೋದ ವರ್ಷ ಆರಡಿ ಎತ್ತರಕ್ಕೆ ಕಟ್ಸಿದ್ರು, ಯಾರೂ ಎಂತದೂ ಕೇಳ್ಲಿಲ್ಲ. ಎರಡೂ ನಗರಸಭೆ, ಒಂದೇ ಜಿಲ್ಲೆ, ಯಾಕೆ ಹೀಗೆ?

ಚಿರೆಕಲ್ಲು:
ನಿಮ್ಮ ಮೇಸ್ತ್ರಿ ಹೇಳಿದ್ದು ಸರಿ ಇದೆ ಮಾರಾಯ್ರೆ. ಎರಡೂ ಊರಿಗೆ 1964ರ ಪುರಸಭೆ ಕಾಯ್ದೆನೇ, ವ್ಯತ್ಯಾಸ ಇರೋದು ಜಾಗದಲ್ಲಿ. ನೀವು ಸಿಆರ್‌ಝಡ್ ಅಂದ್ರೆ ಕರಾವಳಿ ನಿಯಂತ್ರಣ ವಲಯದ ಒಳಗೆ ಬರ್ತೀರಿ. ಸಮುದ್ರಕ್ಕೆ ಉಬ್ಬರದ ಗೆರೆಯಿಂದ 500 ಮೀಟರ್ ಲೆಕ್ಕ, ಉಪ್ಪುನೀರು ಹತ್ತೋ ಹೊಳೆಗೆ 2011ರ ಅಧಿಸೂಚನೆಲಿ 100 ಮೀಟರ್ ಇದ್ದಿದ್ದನ್ನ 2019ರಲ್ಲಿ 50 ಮಾಡಿದ್ರು, ಹೊಳೆನೇ ಅದಕ್ಕಿಂತ ಸಣ್ಣದಿದ್ರೆ ಹೊಳೆ ಅಗಲ ಎಷ್ಟೋ ಅಷ್ಟು. ಗಿಡದ ಬೇಲಿಗೆ ಯಾರೂ ಬರಲ್ಲ, ಪಾಯ ತೋಡಿ ಕಲ್ಲು ಕಟ್ಟಿದ್ರೆ ಅದು ಕಟ್ಟಡ, ಮೊದ್ಲು ಕೇಳಿನೇ ಕಟ್ಟಿ.

ಎತ್ತರದ ವಿಷ್ಯ, ನ್ಯಾಷನಲ್ ಬಿಲ್ಡಿಂಗ್ ಕೋಡ್ ಪ್ರಕಾರ ರಸ್ತೆ ಮಧ್ಯದ ಮಟ್ಟದಿಂದ 1.5 ಮೀಟರ್, ಅಂದ್ರೆ ಹತ್ರಹತ್ರ ಐದಡಿ. 2.4 ಮೀಟರ್‌ವರೆಗೆ ಹೋಗ್ಬಹುದು, ಆದ್ರೆ ಮೇಲಿನ 0.9 ಮೀಟರ್ ಗ್ರಿಲ್ ತರ ಆರಪಾರ ಕಾಣ್ಬೇಕು. ಮೂಲೆ ಸೈಟಾದ್ರೆ ತಿರುವಿನ ಹತ್ರ ಎರಡೂ ಕಡೆ 10 ಮೀಟರ್ ಉದ್ದಕ್ಕೆ ಗೋಡೆ 0.75 ಮೀಟರ್ ಮಾತ್ರ, ಅದ್ರ ಮೇಲೆ ಬೇಕಾದ್ರೆ ಗ್ರಿಲ್, ಎದುರಿಂದ ಬರೋ ಗಾಡಿ ಕಾಣ್ಬೇಕಲ್ಲ. ನಿಮ್ಮ ಭಾವಂದು ಆರಡಿನೂ ಗೋಡೆನೇ ಆದ್ರೆ ಅವರನ್ನ ಯಾರೂ ಕೇಳಿಲ್ಲ ಅಷ್ಟೇ, ರೂಲ್ಸ್ ಇಲ್ಲ ಅಂತಲ್ಲ.

ಘಟ್ಟದ ಮೇಲೆ:
ಶಿರಸಿ ಕಡೆಯವ್ನು ನಾನು. ನಮ್ಮಲ್ಲಿ ಸಮುದ್ರದ ತಲೆಬಿಸಿ ಇಲ್ಲ, ಇರೋದು ಕಾಡಿಂದು. ಪೇಟೆ ಬಿಟ್ಟು ಹಳ್ಳಿ ಕಡೆ ಬಂದ್ರೆ ತೋಟಕ್ಕೆ ಹೊಂದಿದ ಸೊಪ್ಪಿನ ಬೆಟ್ಟಕ್ಕೂ ಸೇರಿಸಿ ಪಾಗಾರ ಎಳೆಯೋರು ಇದ್ದಾರೆ, ಬೆಟ್ಟ ಅರಣ್ಯಭೂಮಿ, ನಮಗಿರೋದು ಸೊಪ್ಪು, ದರಕು (ಒಣ ಎಲೆ) ತರೋ ಹಕ್ಕು ಅಷ್ಟೇ. ಇನ್ನೊಂದು, ಪಕ್ಕದ ಮನೆಯವ್ರು 20 ವರ್ಷದಿಂದ ಹಕ್ಕು ಅಂತಲೇ ನಿಮ್ಮ ಜಾಗದಲ್ಲಿ ಓಡಾಡ್ತಿದ್ರೆ ದಾರಿ ಮುಚ್ಚೋ ಹಂಗಿಲ್ಲ, 1882ರ ಈಸ್‌ಮೆಂಟ್ ಕಾಯ್ದೆ ಇದೆ. ನಮ್ಮ ಅಜ್ಜ ಅಂತಾ ದಾರಿಗೆ ಉಣಗೋಲು (ಅಡ್ಡ ಕೋಲುಗಳ ಗೇಟು) ಇಟ್ಟಿದ್ದ, ದನ ಬರಲ್ಲ, ಜನಕ್ಕೆ ಅಡ್ಡಿನೂ ಇಲ್ಲ. ಕಲ್ಲು ತರ್ಸೋ ಮೊದ್ಲು ಹದ್ದುಬಸ್ತಿಗೆ ಅರ್ಜಿ ಹಾಕಿ ಸರ್ವೆಯವ್ರ ಹತ್ರ ಅಳತೆ ಮಾಡ್ಸಿ, ಅಕ್ಕಪಕ್ಕದವ್ರು ಎದುರಿಗಿದ್ದಾಗ್ಲೇ.

ಕುಮಟಾ ಅಕ್ಕ:
ನೀರಿನ ವಿಷ್ಯ ಯಾರೂ ಹೇಳ್ಲಿಲ್ಲ ನೋಡಿ! ನಮ್ಮದು ಅಡಿಲಿ ತೂತು ಬಿಡದೆ ಕಟ್ಟಿದ್ದು, ಜುಲೈಲಿ ಒಂದು ರಾತ್ರಿ ಸುರಿದ ಮಳೆಗೆ ನೀರೆಲ್ಲ ಗೋಡೆಗೆ ಒತ್ತಿ ನಿಂತು ಬೆಳಗಾಗೋದ್ರೊಳಗೆ ಇಪ್ಪತ್ತಡಿ ಪಾಗಾರ ಪಕ್ಕದವ್ರ ಬಾವಿಕಟ್ಟೆ ಮೇಲೆ ಮಲಗಿತ್ತು. ಪುಣ್ಯಕ್ಕೆ ನೀರು ಸೇದೋಕೆ ಇನ್ನೂ ಯಾರೂ ಬಂದಿರ್ಲಿಲ್ಲ. ಈಗ ನಾಲ್ಕಡಿಗೊಂದು ಪೈಪ್ ಕೂರ್ಸಿದೀವಿ.

ಕೋಡಿಬಾಗದವ:
ತುಂಬಾ ಥ್ಯಾಂಕ್ಸ್ ಎಲ್ಲರಿಗೂ. ಸೋಮವಾರ ಹದ್ದುಬಸ್ತು ಅರ್ಜಿ ಹಾಕಿ ಹಂಗೇ ನಗರಸಭೆಗೂ ಹೋಗಿ ಬರ್ತೀನಿ. ಅಲ್ಲಿವರೆಗೆ ಹೊಳೆ ಕಡೆ ದಾಸವಾಳನೇ ಇರ್ಲಿ, ಅಪ್ಪನಿಗೂ ಅದನ್ನ ಕೀಳೋಕೆ ಮನಸ್ಸಿರ್ಲಿಲ್ಲ. ಮಡ್ಲು ಈ ಸಲ ನಾನೇ ಕಟ್ತೀನಿ.