‘ರಮ್ಝ್’ ಎಂಬುದಕ್ಕೆ ಸಂಕೇತವೋ, ಪ್ರತೀಕವೋ, ಸನ್ನೆಯೋ?

ಮಾನ್ಯರೇ,

ಇರಾಕಿನ ಕವಿ ಬದ್ರ್ ಶಾಕಿರ್ ಅಲ್-ಸಯ್ಯಾಬ್ (1926–1964) ಬರೆದ ‘ಮಳೆಯ ಹಾಡು’ ಕವಿತೆಯನ್ನೂ ಟಿ. ಎಸ್. ಎಲಿಯಟ್‌ನ ‘ದಿ ವೇಸ್ಟ್ ಲ್ಯಾಂಡ್’ (1922) ಕಾವ್ಯವನ್ನೂ ಜೊತೆಗಿಟ್ಟು ಲೇಖನವೊಂದನ್ನು ಬರೆಯುತ್ತಿರುವ ನಾನು ಒಂದು ಪದದ ಬಳಿ ತಡೆದು ನಿಂತಿದ್ದೇನೆ. ಸಾಹಿತ್ಯ ವಿಮರ್ಶೆಯಲ್ಲಿ ಇಂಗ್ಲಿಷಿನವರು ‘ಸಿಂಬಲ್’ ಎನ್ನುವುದನ್ನು ಅರಬ್ಬಿಯವರು ‘ರಮ್ಝ್’ ಎನ್ನುತ್ತಾರೆ. ನಾವು ಎರಡಕ್ಕೂ ‘ಸಂಕೇತ’ ಅಥವಾ ‘ಪ್ರತೀಕ’ ಎಂದು ಬರೆದು ಮುಂದೆ ಸಾಗುತ್ತೇವೆ.

ಆದರೆ ಇವುಗಳ ಹುಟ್ಟು ಬೇರೆ ಬೇರೆ. ‘ಸಿಂಬಲ್’ನ ಗ್ರೀಕ್ ಮೂಲದಲ್ಲಿ ಒಡೆದ ಎರಡು ಚೂರುಗಳನ್ನು ಕೂಡಿಸಿ ಗುರುತು ಹಿಡಿಯುವ ಅರ್ಥವಿದೆ. ಕುರ್‌ಆನಿನ ಮೂರನೆಯ ಅಧ್ಯಾಯದಲ್ಲಿ ಪ್ರವಾದಿ ಝಕರಿಯ್ಯಾ ಅವರು ಮೂರು ದಿನ ಜನರೊಡನೆ ‘ರಮ್ಝ್’ನಿಂದಲ್ಲದೆ ಮಾತಾಡಲಾರರು ಎಂದು ಬರುತ್ತದೆ, ಎಂದರೆ ಅದು ನಾಲಗೆ ಕಟ್ಟಿದವರು ಕಣ್ಣು, ತುಟಿ, ಕೈಗಳಿಂದ ಮಾಡುವ ಸನ್ನೆ.

ಈ ವ್ಯತ್ಯಾಸ ಕವಿತೆಗಳಲ್ಲಿಯೂ ಕಾಣುತ್ತದೆ. ಎಲಿಯಟ್‌ನ ಗುಡುಗು ಬೃಹದಾರಣ್ಯಕ ಉಪನಿಷತ್ತಿನ ‘ದ’ಕಾರವನ್ನು ಮೂರು ಸಲ ನುಡಿಯುತ್ತದೆ, ಮತ್ತು ಪ್ರತಿ ಸಲವೂ ದತ್ತ (ಕೊಡಿರಿ), ದಯಧ್ವಂ (ದಯೆ ತೋರಿರಿ), ದಮ್ಯತ (ನಿಗ್ರಹಿಸಿಕೊಳ್ಳಿರಿ) ಎಂದು ಬಿಡಿಸಿಯೂ ಹೇಳುತ್ತದೆ. ಇರಾಕಿನಿಂದ ತಲೆತಪ್ಪಿಸಿಕೊಂಡು ಹೋಗಿ 1954ರಲ್ಲಿ ತನ್ನ ಕವಿತೆಯನ್ನು ಪ್ರಕಟಿಸಿದ ಸಯ್ಯಾಬ್, ಸುಗ್ಗಿಯ ಕಾಲದಲ್ಲಿಯೂ ಹಸಿವು ನೀಗದ ನಾಡಿನ ಮೇಲೆ ‘ಮತರ್... ಮತರ್... ಮತರ್’ (ಮಳೆ) ಎಂದು ಹನಿಸುತ್ತಾನೆಯೇ ಹೊರತು ಅದನ್ನು ಬಿಡಿಸಿ ಹೇಳುವುದಿಲ್ಲ. ಬಂಡಾಯದ ಹೆಸರೆತ್ತದೆ ಅದು ಬರಲಿದೆ ಎಂದು ಅನ್ನಿಸುವಂತೆ ಮಾಡುವ ಬಗೆ ಅದು. ಪ್ರಾಸಂಗಿಕವಾಗಿ ಒಂದು ಮಾತು: ಒಂದನ್ನೇ ಮರಳಿ ಹೇಳುವುದಕ್ಕೆ ಅರಬ್ಬಿಯಲ್ಲಿ ‘ತಕ್ರಾರ್’ ಎನ್ನುತ್ತಾರೆ, ನಮ್ಮ ‘ತಕರಾರು’ ಅದೇ ಪದ. ಈ ಕವಿತೆಗಂತೂ ಎರಡು ಅರ್ಥಗಳೂ ಒಪ್ಪುತ್ತವೆ.

‘ಸಂಕೇತ’ದಲ್ಲಿ ಮೊದಲೇ ಮಾಡಿಕೊಂಡ ಒಪ್ಪಂದದ ಛಾಯೆಯಿದೆ, ಪ್ರೇಮಿಗಳ ಸಂಕೇತಸ್ಥಳವನ್ನು ನೆನೆಯಬಹುದು. ಸಯ್ಯಾಬನ ಮಳೆಗೆ ಓದುಗರೊಡನೆ ಅಂಥ ಒಪ್ಪಂದವಿಲ್ಲ. ‘ಪ್ರತೀಕ’ ನನ್ನ ಕಿವಿಗೆ ಬಾವುಟ, ಲಾಂಛನಗಳ ಕಡೆಗೆ ವಾಲಿದಂತೆ ಕೇಳಿಸುತ್ತದೆ. ‘ಸನ್ನೆ’ ಮೂಲಾರ್ಥಕ್ಕೆ ತೀರ ಹತ್ತಿರವಾದರೂ ಕಣ್ಸನ್ನೆ, ಕೈಸನ್ನೆಗಳ ಮನೆಮಾತಿನ ಸಲಿಗೆಯಿಂದಾಗಿ ವಿಮರ್ಶೆಯಲ್ಲಿ ಹಗುರವಾದೀತೆಂಬ ಅಳುಕಿದೆ. ಕಾವ್ಯದ ಒಳಾರ್ಥವನ್ನು ಕುರಿತು ‘ಸನ್ನೆ’ಯನ್ನು ಬಳಸಿರುವ ಪ್ರಯೋಗಗಳು ತಮ್ಮ ಓದಿನಲ್ಲಿ ಬಂದಿವೆಯೇ? ಇಲ್ಲವಾದರೆ ‘ಸನ್ನೆಮಾತು’ ಎಂದು ಬರೆದರೆ ಓದುಗರಿಗೆ ತೊಡಕಾದೀತೇ?