ಸಕ್ಕರೆ-ಯೀಸ್ಟ್ ಬಾಟಲಿ ಐದೇ ದಿನಕ್ಕೆ ನಿಂತಿದೆ, ಮೀನುಗಳು ಮೇಲೆ ಬಂದು ಬಾಯಿ ಬಿಡುತ್ತಿವೆ. ತುರ್ತು ಸಹಾಯ ಬೇಕು

ಹಸಿರುತೊಟ್ಟಿ

ನಮಸ್ಕಾರ. ಗಾಬರಿಯಲ್ಲಿ ಬರೆಯುತ್ತಿದ್ದೇನೆ, ಹಿಂದುಮುಂದಾದರೆ ಕ್ಷಮಿಸಿ.

60 ಲೀಟರ್ ಟ್ಯಾಂಕ್, ತುಂಬ ಗಿಡ, 14 ಗಪ್ಪಿ. ಗಿಡಗಳು ಸೊರಗುತ್ತಿವೆ, ಸಿಓಟು (ಇಂಗಾಲದ ಡೈಆಕ್ಸೈಡ್) ಸಾಲದು ಅಂತ ಐದು ದಿನದ ಹಿಂದೆ ಯೀಸ್ಟ್ ಬಾಟಲಿ ಕಟ್ಟಿದೆ, ಯೀಸ್ಟ್ ಸಕ್ಕರೆ ತಿಂದು ಬಿಡುವ ಸಿಓಟು ಟ್ಯಾಂಕಿಗೆ ಹೋಗಲಿ ಅಂತ. ಒಂದೂಕಾಲು ಲೀಟರಿನ ಬಾಟಲಿ, 1 ಲೀಟರ್ ಉಗುರುಬೆಚ್ಚನೆಯ ನೀರು, 200 ಗ್ರಾಂ ಸಕ್ಕರೆ, ಒಂದು ದೊಡ್ಡ ಚಮಚ ಒಣ ಯೀಸ್ಟ್. ಮುಚ್ಚಳಕ್ಕೆ ತೂತು ಮಾಡಿ ಪೈಪ್ ಕೂರಿಸಿ, ನೇರ ಟ್ಯಾಂಕಿನೊಳಗಿನ ಡಿಫ್ಯೂಸರಿಗೆ (ಅನಿಲವನ್ನು ಸಣ್ಣ ಗುಳ್ಳೆಗಳಾಗಿ ಒಡೆಯುವ ತುದಿ) ಕೊಟ್ಟಿದ್ದೆ.

ಮೊದಲೆರಡು ದಿನ ಗುಳ್ಳೆಗಳ ಜಾತ್ರೆ. ಎಲೆಗಳ ತುದಿಯಲ್ಲೂ ಮುತ್ತಿನಂಥ ಗುಳ್ಳೆ, ನೋಡಿ ಕುಣಿದಾಡಿದೆ. ಮೂರನೇ ದಿನ ಇಳಿಮುಖ. ನಿನ್ನೆ ಸಂಜೆ ಪೂರ್ತಿ ಬಂದ್. ಇನ್ನೆರಡು ಚಮಚ ಸಕ್ಕರೆ ಹಾಕಿ ಅಲ್ಲಾಡಿಸಿದೆ, ಏಳಲೇ ಇಲ್ಲ. ಇವತ್ತು ಬೆಳಗ್ಗೆ ನೋಡಿದರೆ ನೀರು ಹಾಲು ಕಲಸಿದ ಹಾಗೆ ಬೆಳ್ಳಗೆ, ಮೀನುಗಳೆಲ್ಲ ಮೇಲ್ಮೈಯಲ್ಲಿ ಬಾಯಿ ಬಿಡುತ್ತಿವೆ. ಒಂದು ಸತ್ತಿದೆ.

ಸಿಓಟು ಹೆಚ್ಚಾಯಿತಾ? ಆದರೆ ಬಾಟಲಿ ನಿಂತ ಮೇಲೆ ಹೇಗೆ ಹೆಚ್ಚಾಗುತ್ತದೆ ಅಂತ ತಲೆಗೆ ಹೋಗುತ್ತಿಲ್ಲ.

ಗುಳ್ಳೆರಾಯ

ಸಿಓಟು ಓವರ್‌ಡೋಸ್, ಇನ್ನೇನು. ಮುಂದಿನ ಸಲ ಪೈಪಿಗೊಂದು ವಾಲ್ವ್ ಹಾಕಿ ರಾತ್ರಿ ಬಂದ್ ಮಾಡಿಬಿಡಿ ಗುರು. ನಾನೂ ಹಾಗೇ ಮಾಡುತ್ತಿದ್ದೆ.

ಕಿವಿರು

ಹಸಿರುತೊಟ್ಟಿಯವರೇ, ಮೊದಲು ಕೆಲಸ, ಆಮೇಲೆ ಮಾತು. ಏರ್‌ಪಂಪ್ ಇದ್ದರೆ ಈಗಲೇ ಹಾಕಿ. ಇಲ್ಲದಿದ್ದರೆ ಚೊಂಬಿನಲ್ಲಿ ಟ್ಯಾಂಕ್ ನೀರನ್ನೇ ಎತ್ತಿ ಎತ್ತಿ ಮೇಲಿನಿಂದ ಸುರಿಯುತ್ತಿರಿ. ಲೈಟ್ ಹಾಕಿ. ಅರ್ಧ ನೀರು ಬದಲಿಸಿ, ಹೊಸ ನೀರು ಅದೇ ಬಿಸಿಯಲ್ಲಿರಲಿ, ಕ್ಲೋರಿನ್ ತೆಗೆದಿರಲಿ. ಇವತ್ತು ಊಟ ಹಾಕಬೇಡಿ. ಡಿಫ್ಯೂಸರನ್ನು ಹೊರಗೆ ತೆಗೆಯಿರಿ.

ಆಮೇಲೆ ಇಷ್ಟು ಹೇಳಿ: ಡ್ರಾಪ್ ಚೆಕರ್ (ನೀರಿನ ಸಿಓಟು ಮಟ್ಟವನ್ನು ಬಣ್ಣದಲ್ಲಿ ತೋರಿಸುವ ಸಾಧನ, ಹೆಚ್ಚಾದರೆ ಹಳದಿ) ಇದೆಯಾ, ಯಾವ ಬಣ್ಣ? ಪೈಪಿನೊಳಗೆ ಏನಾದರೂ ದ್ರವ ಕಾಣುತ್ತದಾ? ನಡುವೆ ನೀರಿನ ಬಾಟಲಿ ಇಟ್ಟಿದ್ದಿರಾ?

ಗುಳ್ಳೆರಾಯರೇ, ದಯವಿಟ್ಟು ಆ ಸಲಹೆ ಯಾರಿಗೂ ಕೊಡಬೇಡಿ. ಸಿಓಟು ಸಿಲಿಂಡರಿಗೆ ವಾಲ್ವ್ ಸರಿ. ಯೀಸ್ಟಿಗೆ ವಾಲ್ವ್ ಬಂದ್ ಮಾಡಿದ್ದು ಗೊತ್ತಾಗುವುದಿಲ್ಲ, ಅದು ಒಳಗೆ ಉಣ್ಣುತ್ತಲೇ ಇರುತ್ತದೆ. ಮುಚ್ಚಳ ಹಾರುತ್ತದೆ, ಇಲ್ಲವೇ ಬಾಟಲಿ ಒಡೆಯುತ್ತದೆ.

ಹಸಿರುತೊಟ್ಟಿ

ಪಂಪ್ ಹಾಕಿದೆ, ಅರ್ಧ ನೀರು ಬದಲಿಸಿದೆ. ಅರ್ಧ ಗಂಟೆಯಲ್ಲಿ ಮೀನುಗಳು ಕೆಳಗಿಳಿದವು. ಉಸಿರು ಬಂತು, ಅವಕ್ಕೂ ನನಗೂ.

ಡ್ರಾಪ್ ಚೆಕರ್ ಹಸಿರು, ಹಳದಿ ಆಗಿರಲಿಲ್ಲ. ನಡುವೆ ಬಾಟಲಿ ಇಟ್ಟಿರಲಿಲ್ಲ. ಪೈಪ್ ನೋಡಿದೆ ಮೇಡಂ, ಒಳಗೆಲ್ಲ ಕಂದು ಬಣ್ಣದ ಅಂಟು. ಮೂಸಿದರೆ ಹುಳಿಹುಳಿ ವಾಸನೆ. ಎರಡನೇ ದಿನ ನೊರೆ ಕತ್ತಿನ ತನಕ ಬಂದಿತ್ತು, ಅದು ಸಹಜ ಅಂದುಕೊಂಡಿದ್ದೆ.

ಕಿವಿರು

ಹಾಗಾದರೆ ಸಿಕ್ಕಿತು. ಕೊಂದದ್ದು ಸಿಓಟು ಅಲ್ಲ, ಸಕ್ಕರೆ.

ನಿಮ್ಮ ಬಾಟಲಿ ಭರ್ತಿ ತುಂಬಿತ್ತು. ಒಂದು ಲೀಟರ್ ನೀರಿಗೆ 200 ಗ್ರಾಂ ಸಕ್ಕರೆ ಕರಗಿಸಿದರೆ ಒಟ್ಟು ಹತ್ತಿರಹತ್ತಿರ 1.12 ಲೀಟರ್ ಆಗುತ್ತದೆ, ನೊರೆಗೆ ಜಾಗವೇ ಇಲ್ಲ. ನೊರೆ ಪೈಪ್ ಹಿಡಿದು ಟ್ಯಾಂಕಿಗೆ ಇಳಿದಿದೆ. ಬೆಳ್ಳಗಾದದ್ದು ಬ್ಯಾಕ್ಟೀರಿಯಾ. ಪುಕ್ಕಟೆ ಸಕ್ಕರೆ ಸಿಕ್ಕಿತು, ಒಂದೆರಡು ದಿನದಲ್ಲಿ ಸಂತೆ ನೆರೆಯಿತು.

ಲೆಕ್ಕ ನೋಡಿ, ನನಗೆ ಮೊದಲ ಸಲ ಮಾಡಿದಾಗ ನಂಬಿಕೆ ಬಂದಿರಲಿಲ್ಲ. 25 ಡಿಗ್ರಿಯ ನೀರು ಗಾಳಿಯಿಂದ ಹಿಡಿದಿಟ್ಟುಕೊಳ್ಳುವ ಆಮ್ಲಜನಕ ಲೀಟರಿಗೆ ಬರೀ 8 ಮಿಲಿಗ್ರಾಂ ಚಿಲ್ಲರೆ. ನಿಮ್ಮ 60 ಲೀಟರಿಗೆ ಅರ್ಧ ಗ್ರಾಂ ಅಂದುಕೊಳ್ಳಿ. ಒಂದು ಗ್ರಾಂ ಸಕ್ಕರೆಯನ್ನು ಪೂರ್ತಿ ನೀರು ಮತ್ತು ಸಿಓಟು ಆಗುವ ತನಕ ಉಸಿರಾಟದಲ್ಲಿ ಸುಡಲು 1.12 ಗ್ರಾಂ ಆಮ್ಲಜನಕ ಬೇಕು. ಅಂದರೆ ಅರ್ಧ ಗ್ರಾಂಗೂ ಕಡಿಮೆ ಸಕ್ಕರೆ ಸಾಕು, ಇಡೀ ಟ್ಯಾಂಕಿನ ಆಮ್ಲಜನಕ ಸಾಲಕ್ಕೆ ಹೋಯಿತು. ನಿಮ್ಮ ಹೊಸ ಪಾಕದಲ್ಲಿ ಅಷ್ಟು ಸಕ್ಕರೆ ಎರಡೂವರೆ ಮಿಲಿಲೀಟರಿನಲ್ಲೇ ಇದೆ. ಅರ್ಧ ಟೀ ಚಮಚ!

ವಾಸ್ತವದಲ್ಲಿ ಅಷ್ಟು ಕಟ್ಟುನಿಟ್ಟಾಗಿ ನಡೆಯುವುದಿಲ್ಲ. ಬ್ಯಾಕ್ಟೀರಿಯಾ ಒಂದು ಪಾಲನ್ನು ಸುಡದೆ ಮೈ ಬೆಳೆಸಿಕೊಳ್ಳಲು ಬಳಸುತ್ತವೆ, ಮೇಲ್ಮೈಯಿಂದ ಹೊಸ ಆಮ್ಲಜನಕ ಇಳಿಯುತ್ತಲೇ ಇರುತ್ತದೆ. ಆದರೆ ರಾತ್ರಿ ಗಿಡಗಳ ಉತ್ಪಾದನೆ ಶೂನ್ಯ, ಮೇಲಿಂದ ಅವೂ ಉಸಿರಾಡುತ್ತವೆ. ಹಗಲು ಎಲೆಯಲ್ಲಿ ಪಿಷ್ಟವಾಗಿ ಕೂಡಿಟ್ಟದ್ದನ್ನು ರಾತ್ರಿ ಒಡೆದು ಸಕ್ಕರೆ ಮಾಡಿಕೊಂಡು ಜೀವ ನಡೆಸುತ್ತವೆ, ಅದಕ್ಕೂ ಆಮ್ಲಜನಕ ಬೇಕು. ಮೀನು, ಗಿಡ, ಬ್ಯಾಕ್ಟೀರಿಯಾ ಎಲ್ಲರೂ ಒಂದೇ ಪಾತ್ರೆಯಿಂದ ಕುಡಿದರೆ ಬೆಳಗಿನ ಹೊತ್ತಿಗೆ ತಳ ಕಾಣುತ್ತದೆ. ಅದಕ್ಕೇ ಇಂಥ ಅನಾಹುತ ಹೆಚ್ಚಾಗಿ ನಸುಕಿನಲ್ಲಿ.

ಹಸಿರುತೊಟ್ಟಿ

ಅಬ್ಬಾ. ಒಂದು ಅನುಮಾನ. ನೊರೆ ಬಂದದ್ದು ಎರಡನೇ ದಿನ. ಅಷ್ಟರಲ್ಲಿ ಯೀಸ್ಟ್ ಸಾಕಷ್ಟು ಸಕ್ಕರೆ ತಿಂದಿರಬೇಕಲ್ಲ? ಟ್ಯಾಂಕಿಗೆ ಹೋದದ್ದು ಬಹುಪಾಲು ಮದ್ಯಸಾರ ಆಗಿರಬಹುದಲ್ಲ?

ಬೂಷ್ಟು

ಯೀಸ್ಟ್ ಅಂದ ಕೂಡಲೇ ನಾನು ಹಾಜರ್ 🙂

ಒಳ್ಳೆಯ ಪ್ರಶ್ನೆ, ಆದರೆ ಉತ್ತರ ನಿಮಗೆ ಇಷ್ಟವಾಗುವುದಿಲ್ಲ. ತಿಂದ ಪಾಕವೂ ಅಷ್ಟೇ ಅಪಾಯ. ಒಂದು ಗ್ರಾಂ ಸಕ್ಕರೆ ಹುದುಗಿದರೆ ಸುಮಾರು 0.54 ಗ್ರಾಂ ಮದ್ಯಸಾರ. ಒಂದು ಗ್ರಾಂ ಮದ್ಯಸಾರ ಸುಡಲು ಸುಮಾರು 2.08 ಗ್ರಾಂ ಆಮ್ಲಜನಕ. ಗುಣಿಸಿ ನೋಡಿ, ಮತ್ತೆ ಅದೇ 1.12. ಸಾಲ ಒಂದು ಪೈಸೆ ಕಡಿಮೆಯಾಗಿಲ್ಲ.

ಯಾಕೆಂದರೆ ಯೀಸ್ಟ್ ಇಲ್ಲಿ ಆಮ್ಲಜನಕವನ್ನೇ ಮುಟ್ಟಿಲ್ಲ. ಸಕ್ಕರೆ ಒಡೆದು ಬಂದ ಗ್ಲೂಕೋಸನ್ನು ಎರಡು ತುಂಡು ಮಾಡಿ, ಸಿಓಟು ಕಳಚಿ, ಉಳಿದದ್ದನ್ನು ಮದ್ಯಸಾರ ಅಂತ ಹೊರಗೆ ಎಸೆಯಿತು. ಅದಕ್ಕೆ ದಕ್ಕಿದ್ದು ಗ್ಲೂಕೋಸಿಗೆ 2 ಎಟಿಪಿ (ಜೀವಕೋಶ ಖರ್ಚು ಮಾಡುವ ಶಕ್ತಿಯ ಚಿಲ್ಲರೆ). ಅದೇ ಗ್ಲೂಕೋಸನ್ನು ಆಮ್ಲಜನಕದ ಜೊತೆ ಕೊನೆ ತನಕ ಸುಡುವ ಜೀವಕೋಶಕ್ಕೆ 30ರ ಆಸುಪಾಸು ಸಿಗುತ್ತದೆ (ಹಳೆಯ ಪಠ್ಯಪುಸ್ತಕಗಳಲ್ಲಿ 36, 38 ಅಂತ ಇರುತ್ತದೆ, ಈಗಿನ ಲೆಕ್ಕ ಅದಕ್ಕಿಂತ ಕಡಿಮೆ). ಒಂದು ಮೋಲ್ ಗ್ಲೂಕೋಸ್ ಸುಟ್ಟರೆ ಸುಮಾರು 2800 ಕಿಲೋಜೂಲ್. ಅದರಿಂದ ಬಂದ ಎರಡು ಮೋಲ್ ಮದ್ಯಸಾರ ಸುಟ್ಟರೂ ಸುಮಾರು 2730 ಸಿಗುತ್ತದೆ. ಯೀಸ್ಟ್ ಕೆನೆ ನೆಕ್ಕಿ ಹಾಲು ಬಿಟ್ಟು ಹೋಗುವ ಬೆಕ್ಕು. ಆ ಹಾಲು ನಿಮ್ಮ ಟ್ಯಾಂಕಿನ ಬ್ಯಾಕ್ಟೀರಿಯಾಗಳಿಗೆ ಸಿಕ್ಕಿತು.

ಬಾಟಲಿ ಯಾಕೆ ನಿಂತಿತು ಅನ್ನೋದು ಬೇರೆ ಕಥೆ. ಎಸೆದಿಲ್ಲ ತಾನೇ? ಮುಚ್ಚಳ, ಪೈಪ್ ಸಮೇತ ತೂಗಿ. ಶುರುವಿನಲ್ಲಿ ಎಷ್ಟಿರಬಹುದು ಅಂತಲೂ ಹೇಳಿ.

ಹಸಿರುತೊಟ್ಟಿ

ಶುರುವಿನಲ್ಲಿ ತೂಗಿರಲಿಲ್ಲ. ಖಾಲಿ ಬಾಟಲಿ, ಮುಚ್ಚಳ, ಪೈಪ್ 41 ಗ್ರಾಂ. ನೀರು, ಸಕ್ಕರೆ, ಯೀಸ್ಟ್ ಸೇರಿ 1250 ಇದ್ದಿರಬೇಕು. ಈಗ 1194.

ಬೂಷ್ಟು

ಆಮೇಲೆ ಹಾಕಿದ ಎರಡು ಚಮಚ ಸಕ್ಕರೆ ಮರೆತಿರಿ. 24 ಗ್ರಾಂ ಅಂತಿಟ್ಟುಕೊಂಡರೆ ನಿಜವಾದ ತೂಕ 1170. ಕಳೆದದ್ದು 80 ಗ್ರಾಂ, ಅದರಲ್ಲಿ ನೊರೆಯ ಪಾಲು ಸ್ವಲ್ಪ, ಉಳಿದದ್ದೆಲ್ಲ ಹಾರಿಹೋದ ಸಿಓಟು.

200 ಗ್ರಾಂ ಸಕ್ಕರೆ ಪೂರ್ತಿ ಹುದುಗಿದ್ದರೆ 103 ಗ್ರಾಂ ಸಿಓಟು ಬರಬೇಕಿತ್ತು. ಕೋಣೆಯ ಬಿಸಿಯಲ್ಲಿ ಅದು 55 ಲೀಟರಿಗೂ ಮೇಲೆ, ನಿಮ್ಮ ಟ್ಯಾಂಕಿನಷ್ಟೇ ದೊಡ್ಡ ಗಾಳಿಚೀಲ! ನಿಮ್ಮದು ಮುಕ್ಕಾಲು ದಾರಿಗೆ ನಿಂತಿದೆ. ಸುಮಾರು 155 ಗ್ರಾಂ ಸಕ್ಕರೆ ಹೋಗಿ 80 ಚಿಲ್ಲರೆ ಗ್ರಾಂ ಮದ್ಯಸಾರ ಆಗಿದೆ, ಗಾತ್ರದಲ್ಲಿ ಶೇ. 9ರಿಂದ 10. ರೊಟ್ಟಿ ಉಬ್ಬಿಸುವ ಯೀಸ್ಟಿಗೆ ಆ ಮಟ್ಟದಲ್ಲಿ ಕೈಕಾಲು ಬೀಳುತ್ತದೆ. ತಾನು ಮಾಡಿದ ಹೊಲಸಿನಲ್ಲಿ ತಾನೇ ಮುಳುಗಿದೆ. ಅದಕ್ಕೇ ಮತ್ತೆ ಸಕ್ಕರೆ ಹಾಕಿದರೂ ಏಳಲಿಲ್ಲ. ಹಸಿವಿನಿಂದ ನಿಂತಿದ್ದರೆ ಏಳಬೇಕಿತ್ತು.

ಐದು ದಿನಕ್ಕೇ ಮುಗಿದದ್ದು ಯಾಕೆ ಅಂದರೆ ಯೀಸ್ಟ್ ವಿಪರೀತ ಹಾಕಿದ್ದೀರಿ. ದೊಡ್ಡ ಚಮಚ ಅಂದರೆ ಸೈನ್ಯ. ಕಾಲು ಟೀ ಚಮಚ ಸಾಕು, ಅದೇ ಸಕ್ಕರೆ ಎರಡು ವಾರದ ಹತ್ತಿರ ಬರುತ್ತದೆ. ಒಂದು ಚಿಟಿಕೆ ಅಡಿಗೆ ಸೋಡಾ ಹಾಕಿ, ಹುದುಗುತ್ತಾ ಹೋದಂತೆ ಪಾಕ ಹುಳಿಯಾಗುವುದು ತಡವಾಗುತ್ತದೆ.

ಎಲೆಮರೆ

ಮಧ್ಯೆ ಬಾಯಿ ಹಾಕುತ್ತಿದ್ದೇನೆ. ಗಿಡ ಸಿಓಟು ತಗೊಂಡು ಕೊನೆಗೆ ಮಾಡುವುದು ಸಕ್ಕರೆ ತಾನೇ. ಸಕ್ಕರೆ ಕೊಟ್ಟು ಯೀಸ್ಟ್ ಸಾಕಿ, ಅದು ಬಿಟ್ಟ ಸಿಓಟು ಗಿಡಕ್ಕೆ ಕೊಟ್ಟು, ಗಿಡ ಮತ್ತೆ ಸಕ್ಕರೆ ಮಾಡಿ... ಇಷ್ಟು ಸುತ್ತು ಯಾಕೆ? ಚಿಟಿಕೆ ಸಕ್ಕರೆ ನೇರ ಟ್ಯಾಂಕಿಗೇ ಹಾಕಬಾರದಾ?

ಗುಳ್ಳೆರಾಯ

ಮೇಲಿನದ್ದು ಓದಿಯೇ ಕೇಳುತ್ತಿದ್ದೀಯಾ ಮಾರಾಯ 😂

ಕಿವಿರು

ನಗಬೇಡಿ, ಕೇಳಬೇಕಾದ ಪ್ರಶ್ನೆಯೇ. ಪ್ರಯೋಗಾಲಯದಲ್ಲಿ ಅಂಗಾಂಶ ಕೃಷಿ ಮಾಡುವವರು ಎಳೆ ಗಿಡಗಳಿಗೆ ನಿಜವಾಗಲೂ ಸಕ್ಕರೆ ಊಡುತ್ತಾರೆ, ಗಿಡ ಹೀರಿಕೊಂಡು ಬೆಳೆಯುತ್ತದೆ. ಆದರೆ ಅಲ್ಲಿ ಎಲ್ಲವೂ ಸೂಕ್ಷ್ಮಾಣುರಹಿತ. ಒಂದೇ ಒಂದು ಬ್ಯಾಕ್ಟೀರಿಯಾ ನುಗ್ಗಿದರೂ ಆ ಸೀಸೆ ಕೆಟ್ಟಿತು. ನಮ್ಮ ಟ್ಯಾಂಕಿನಲ್ಲಿ ಜಲ್ಲಿ, ಗಾಜು, ಫಿಲ್ಟರ್, ಎಲ್ಲಿ ನೋಡಿದರೂ ಬ್ಯಾಕ್ಟೀರಿಯಾ. ಎಲೆಗೆ ತಲುಪುವ ಮೊದಲೇ ಪಂಕ್ತಿ ಎದ್ದಿರುತ್ತದೆ.

ಇನ್ನೊಂದು ವಿಷಯ. ಸಿಓಟು ಕೊಟ್ಟಾಗ ಗಿಡ ಸಕ್ಕರೆ ಮಾಡುವುದರ ಜೊತೆಗೆ ಆಮ್ಲಜನಕವನ್ನೂ ಬಿಡುತ್ತದೆ. ಆ ಆಮ್ಲಜನಕ ಬರುವುದು ಸಿಓಟುವಿನಿಂದ ಅಲ್ಲ, ಬೆಳಕಿನ ಬಲದಿಂದ ಒಡೆದ ನೀರಿನಿಂದ. ಹಸಿರುತೊಟ್ಟಿಯವರು ನೋಡಿದ ಮುತ್ತುಗಳು ಅವೇ, ನೀರು ಆಮ್ಲಜನಕದಿಂದ ತುಂಬಿ ಇನ್ನು ಕರಗಿಸಿಕೊಳ್ಳಲು ಆಗದೆ ಉಳಿದದ್ದು. ಸಕ್ಕರೆ ಸುರಿದರೆ ಆಮ್ಲಜನಕದ ಸಾಲ, ಸಿಓಟು ಮತ್ತು ಬೆಳಕು ಕೊಟ್ಟರೆ ಆಮ್ಲಜನಕದ ಆದಾಯ. ಗಿಡ ಸೊರಗುವುದು ನೀರಿನಲ್ಲಿ ಸಿಓಟು ಹರಡುವುದು ಗಾಳಿಗಿಂತ ಸುಮಾರು 10,000 ಪಟ್ಟು ನಿಧಾನ ಅನ್ನುವ ಕಾರಣಕ್ಕೂ ಹೌದು. ಹಾಗಾಗಿ ನೀರು ಎಲೆಗಳ ಮೇಲೆ ಹರಿದಾಡುವಂತೆ ಫಿಲ್ಟರ್ ಮೂತಿ ತಿರುಗಿಸಿ. ಅರ್ಧ ಜನ ಇದನ್ನು ಮರೆತು ಬಾಟಲಿ ಕಟ್ಟಲು ಓಡುತ್ತಾರೆ.

ಹಸಿರುತೊಟ್ಟಿ

ಹೊಸ ಬಾಟಲಿಯನ್ನು ದಿನಾ ಅಲ್ಲಾಡಿಸಿ ಗಾಳಿ ಸೇರಿಸಿದರೆ ಸಿಓಟು ಹೆಚ್ಚು ಬರುತ್ತದೆ ಅಂತ ಒಬ್ಬರು ಹೇಳಿದರು. ನಿಜವಾ?

ಬೂಷ್ಟು

ಶುರುವಿನಲ್ಲಿ ಒಂದು ಸಲ ಚೆನ್ನಾಗಿ ಕುಲುಕಿ. ಹೊಸ ಕೋಶಗಳ ಪೊರೆ ಕಟ್ಟಲು ಯೀಸ್ಟಿಗೆ ಬೇಕಾದ ಕೆಲವು ಕೊಬ್ಬಿನ ಪದಾರ್ಥಗಳನ್ನು ಆಮ್ಲಜನಕವಿಲ್ಲದೆ ಮಾಡಿಕೊಳ್ಳಲು ಆಗುವುದಿಲ್ಲ. ಅಷ್ಟು ಗಾಳಿ ಸಾಕು.

ದಿನಾ ಗಾಳಿ ಊದುವುದು ಬೇಡ. ಗಾಳಿ ಕೊಟ್ಟರೆ ಯೀಸ್ಟ್ ಕಡಿಮೆ ಸಕ್ಕರೆಯಲ್ಲಿ ಹೆಚ್ಚು ಮೈ ಬೆಳೆಸುತ್ತದೆ, ಹುದುಗುವಿಕೆ ತಗ್ಗುತ್ತದೆ ಅಂತ ಪಾಶ್ಚರ್ 1861ರಲ್ಲೇ ಹೇಳಿದ್ದರು. ಸಕ್ಕರೆ ತುಂಬಿ ತುಳುಕುತ್ತಿದ್ದರೆ ಮಾತ್ರ ಈ ಯೀಸ್ಟ್ ಗಾಳಿ ಇದ್ದರೂ ಹುದುಗಿಸುತ್ತಲೇ ಇರುತ್ತದೆ, ಹಠಮಾರಿ. ನಿಮ್ಮ ಬಾಟಲಿಯಲ್ಲಿ ಇರುವುದು ಅದೇ ಸ್ಥಿತಿ. ಒಟ್ಟಿನಲ್ಲಿ ಕುಲುಕಿ ನಿಮಗೆ ಸಿಗುವುದು ನೊರೆ. ನೊರೆ ಏನು ಮಾಡುತ್ತದೆ ಅಂತ ನೋಡಿದ್ದೀರಲ್ಲ.

ಕಿವಿರು

ಕಟ್ಟುವ ಮೊದಲು: ಬಾಟಲಿ ಮೂರನೇ ಎರಡು ಭಾಗಕ್ಕಿಂತ ತುಂಬಬೇಡಿ. ನಡುವೆ ಅರ್ಧ ನೀರು ತುಂಬಿದ ಇನ್ನೊಂದು ಸಣ್ಣ ಬಾಟಲಿ ಇಡಿ, ಯೀಸ್ಟಿನ ಪೈಪ್ ಅದರ ನೀರಿನೊಳಗೆ, ಟ್ಯಾಂಕಿನ ಪೈಪ್ ನೀರಿನ ಮೇಲೆ. ನೊರೆ ಬಂದರೆ ಅಲ್ಲೇ ಉಳಿಯುತ್ತದೆ, ಗುಳ್ಳೆ ಎಣಿಸಲೂ ಆಗುತ್ತದೆ. ಟ್ಯಾಂಕಿನ ಕಡೆಗೆ ನಾನ್‌ರಿಟರ್ನ್ ವಾಲ್ವ್ (ಒಂದೇ ದಿಕ್ಕಿಗೆ ಬಿಡುವ ಕವಾಟ), ಇಲ್ಲದಿದ್ದರೆ ತಂಪಾದಾಗ ಬಾಟಲಿ ಟ್ಯಾಂಕ್ ನೀರನ್ನೇ ಹಿಂದಕ್ಕೆ ಹೀರುತ್ತದೆ. ರಾತ್ರಿ ಲೈಟ್ ಆರಿದ ಮೇಲೆ ಏರ್‌ಪಂಪ್ ಓಡಲಿ. ಯೀಸ್ಟನ್ನು ನಿಲ್ಲಿಸಲು ಆಗುವುದಿಲ್ಲ, ಅದು ಬಿಟ್ಟದ್ದನ್ನು ಹೊರಗೆ ಓಡಿಸಬಹುದು. ಡ್ರಾಪ್ ಚೆಕರ್ ಬಣ್ಣ ತಿರುಗಲು ಒಂದೆರಡು ಗಂಟೆ ತಡ, ಅದನ್ನೊಂದೇ ನಂಬಿ ಕೂರಬೇಡಿ, ಮೀನಿನ ಕಿವಿರು ನೋಡಿ.

ಹಸಿರುತೊಟ್ಟಿ (ಹನ್ನೊಂದು ದಿನದ ನಂತರ)

ಅಪ್‌ಡೇಟ್. ನೀರು ನಾಲ್ಕನೇ ದಿನಕ್ಕೆ ತಿಳಿಯಾಯಿತು, ನಡುವೆ ಇನ್ನೆರಡು ಸಲ ಮೂರನೇ ಒಂದು ಭಾಗ ಬದಲಿಸಿದ್ದೆ. ಮತ್ತೆ ಯಾವ ಮೀನೂ ಸಾಯಲಿಲ್ಲ.

ಹೊಸ ಬಾಟಲಿಗೆ ಇವತ್ತು ಏಳನೇ ದಿನ. ಕಾಲು ಚಮಚ ಯೀಸ್ಟ್, ಚಿಟಿಕೆ ಸೋಡಾ. ಮೊದಲ ಹದಿನೈದು ಗಂಟೆ ಒಂದೂ ಗುಳ್ಳೆ ಇಲ್ಲ, ಯೀಸ್ಟ್ ಸತ್ತಿದೆ ಅಂತ ಇನ್ನೊಂದು ಚಮಚ ಹಾಕಲು ಹೊರಟಿದ್ದೆ, ಬೂಷ್ಟು ಸರ್ ಬಯ್ಯುತ್ತಾರೆ ಅಂತ ಸುಮ್ಮನಾದೆ. ಈಗ ಮೂರು ಸೆಕೆಂಡಿಗೊಂದು ಗುಳ್ಳೆ, ಗಡಿಯಾರದ ಹಾಗೆ. ಈ ಸಲ ಶುರುವಿನಲ್ಲೇ ತೂಗಿದ್ದೇನೆ. ಇವತ್ತಿಗೆ 41 ಗ್ರಾಂ ಕಡಿಮೆ. ನಡುವಿನ ಬಾಟಲಿಯ ನೀರು ಸ್ವಲ್ಪ ಮಬ್ಬಾಗಿದೆ, ಅದೇನು?

ಬೂಷ್ಟು

ಟ್ಯಾಂಕಿಗೆ ಹೋಗಬೇಕಿದ್ದ ನೊರೆ. ಚೆಲ್ಲಿ ಹೊಸ ನೀರು ಹಾಕಿ. 41 ಗ್ರಾಂ ಅಂದರೆ ಸುಮಾರು 80 ಗ್ರಾಂ ಸಕ್ಕರೆ ಖರ್ಚು, ಇದೇ ವೇಗದಲ್ಲಿ ಇನ್ನೊಂದು ವಾರ ಬರಬಹುದು. ಎರಡನೇ ಬಾಟಲಿಯನ್ನು ನಾಡಿದ್ದು ಕಟ್ಟಿಡಿ.