ಮನೆಯಲ್ಲೇ ಊಟ ಮಾಡಿಸುವ ಚಿಕಿತ್ಸೆಯೋ, ಆಸ್ಪತ್ರೆಗೆ ದಾಖಲಿಸುವುದೋ? ಅನುಭವವಿದ್ದವರು ತಿಳಿಸಿ

ಶಿವಮೊಗ್ಗದ ತಾಯಿ:
ಮಗಳು ದ್ವಿತೀಯ ಪಿಯುಸಿಯಲ್ಲಿದ್ದಾಳೆ, ಹದಿನೇಳು ವರ್ಷ. ಬೆಂಗಳೂರಿನ ಮನೋವೈದ್ಯರು ಅನೊರೆಕ್ಸಿಯಾ ನರ್ವೋಸಾ, ಅಂದರೆ ಊಟ ಬಿಡುತ್ತ ಬಂದು ತೂಕ ಅಪಾಯದ ಮಟ್ಟಕ್ಕೆ ಇಳಿಯುವ ಮಾನಸಿಕ ಕಾಯಿಲೆ ಎಂದಿದ್ದಾರೆ. ನಾಡಿಬಡಿತ, ರಕ್ತದೊತ್ತಡ ಸದ್ಯ ಸರಿಯಿರುವುದರಿಂದ ನಾವೇ ಪ್ರತಿ ಹೊತ್ತೂ ಎದುರು ಕುಳಿತು ಉಣಿಸುವ ಕುಟುಂಬಾಧಾರಿತ ಚಿಕಿತ್ಸೆಯನ್ನು ಸೂಚಿಸಿದ್ದಾರೆ. ನಾನು ಬ್ಯಾಂಕಿನ ಕೆಲಸಕ್ಕೆ ದೀರ್ಘ ರಜೆ ಹಾಕಬೇಕೇ ಅಥವಾ ದಾಖಲಿಸುವಂತೆ ಕೇಳಿಕೊಳ್ಳಬೇಕೇ? ಅಲ್ಲದೆ ಸಂಶೋಧಕರ ತಂಡವೊಂದು ಅವಳ ರಕ್ತದ ಮಾದರಿಯನ್ನೂ ಪ್ರಶ್ನಾವಳಿಗೆ ಉತ್ತರಗಳನ್ನೂ ಕೇಳಿದೆ. ಅದಕ್ಕೆ ಒಪ್ಪಬಹುದೇ?

ಜಯನಗರದ ಅಪ್ಪ:
ನಮ್ಮ ಅಲೆದಾಟ ಆರಂಭವಾಗಿದ್ದು ಹೊಟ್ಟೆಯ ವೈದ್ಯರಿಂದ. ನನ್ನ ಮಗಳು ಒಮ್ಮೆಯೂ ತಾನು ದಪ್ಪಗಿದ್ದೇನೆ ಎಂದವಳಲ್ಲ. ಎರಡು ತುತ್ತಿಗೇ ಹೊಟ್ಟೆ ಉಬ್ಬರಿಸುತ್ತದೆ, ಹಸಿವೇ ಇಲ್ಲ ಎನ್ನುತ್ತಿದ್ದಳು. ಹೀಗಾಗಿ ಎಂಡೋಸ್ಕೋಪಿ, ಸಿಟಿ ಸ್ಕ್ಯಾನ್, ಗೋಧಿಯ ಅಲರ್ಜಿಯ ಪರೀಕ್ಷೆ, ಥೈರಾಯ್ಡ್, ಮುಟ್ಟು ನಿಂತಿದ್ದಕ್ಕೆ ಹಾರ್ಮೋನ್ ಪರೀಕ್ಷೆ ಎಂದು ಅರವತ್ತು ಸಾವಿರಕ್ಕೂ ಹೆಚ್ಚು ಕಳೆದ ಮೇಲೆಯೇ ಒಬ್ಬ ವೈದ್ಯೆ ಮನೋವೈದ್ಯರ ಹೆಸರು ಬರೆದುಕೊಟ್ಟರು. ಬ್ರಿಟನ್ನಿನಲ್ಲಿ ಇದೇ ಕಾಯಿಲೆಯಿದ್ದ ದಕ್ಷಿಣ ಏಷ್ಯಾ ಮೂಲದ ಹದಿಹರೆಯದವರ ಬಗ್ಗೆ 2005ರಲ್ಲಿ ಪ್ರಕಟವಾದ ಅಧ್ಯಯನ ಇದನ್ನೇ ಹೇಳುತ್ತದೆ: ಅಲ್ಲಿನ ಬಿಳಿಯ ಮಕ್ಕಳಿಗೆ ಹೋಲಿಸಿದರೆ ನಮ್ಮ ಮಕ್ಕಳು ದಪ್ಪಗಾಗುವ ಭಯವನ್ನು ಕಡಿಮೆ ಹೇಳುತ್ತಾರೆ, ಹಸಿವಿಲ್ಲವೆಂಬುದನ್ನು ಹೆಚ್ಚು ಹೇಳುತ್ತಾರೆ. ಈ ಒಂದು ವಿಷಯ ನಮ್ಮ ಹೊಟ್ಟೆಯ ವೈದ್ಯರ ಕಿವಿಗೆ ಬಿದ್ದಿದ್ದರೆ ನನ್ನ ಕಾರಿನ ಸಾಲ ಇಷ್ಟರಲ್ಲಿ ತೀರಿರುತ್ತಿತ್ತು.

ಅನಂತರ ನಾವು ಮನೆಯ ಚಿಕಿತ್ಸೆಯನ್ನೇ ಆರಿಸಿಕೊಂಡೆವು, ಅದರ ಬಗ್ಗೆ ನನಗೆ ಹೆಮ್ಮೆಯಿದೆ. ಪ್ರತಿ ಭೇಟಿಗೆ 2,500 ರೂಪಾಯಿ, ಡಯಟೀಷಿಯನ್ನರಿಗೆ ಬೇರೆ 1,200, ಪ್ರತಿ ತಿಂಗಳೂ ರಕ್ತಪರೀಕ್ಷೆ, ಇಸಿಜಿ. ವಿಮಾ ಕಂಪನಿಯು ಹೊರರೋಗಿ ಚಿಕಿತ್ಸೆಗೆ ಒಂದು ಪೈಸೆಯನ್ನೂ ಕೊಡಲಿಲ್ಲ. 2017ರ ಮಾನಸಿಕ ಆರೋಗ್ಯ ಕಾಯ್ದೆಯ 21ನೇ ಕಲಮು ದೇಹದ ಕಾಯಿಲೆಗೆ ಇರುವಂತೆಯೇ ಮನಸ್ಸಿನ ಕಾಯಿಲೆಗೂ ವಿಮೆ ಇರಬೇಕೆನ್ನುತ್ತದೆ ಎಂದು ಬರೆದರೆ, ನಿಮ್ಮ ಪಾಲಿಸಿಯಲ್ಲಿ ದೇಹದ ಕಾಯಿಲೆಗೂ ಹೊರರೋಗಿ ಸೌಲಭ್ಯವಿಲ್ಲವಲ್ಲ ಎಂಬ ಉತ್ತರ ಬಂತು. ಜಾಣರು! ಆದರೂ ಹೇಳುತ್ತೇನೆ, ಅಮೆರಿಕದ ಸ್ಟ್ಯಾನ್‌ಫರ್ಡ್ ಮತ್ತು ಷಿಕಾಗೊ ವಿಶ್ವವಿದ್ಯಾಲಯಗಳು 121 ಹದಿಹರೆಯದವರ ಮೇಲೆ ನಡೆಸಿ 2010ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಚಿಕಿತ್ಸೆ ಮುಗಿದ ಒಂದು ವರ್ಷದ ಬಳಿಕ ಕುಟುಂಬಾಧಾರಿತ ಚಿಕಿತ್ಸೆ ಪಡೆದವರಲ್ಲಿ ಶೇ 49ರಷ್ಟು ಮಂದಿ ಪೂರ್ಣ ಚೇತರಿಸಿಕೊಂಡಿದ್ದರು, ಒಬ್ಬೊಬ್ಬರಾಗಿ ಸಮಾಲೋಚನೆ ಪಡೆದವರಲ್ಲಿ ಶೇ 23 ಮಾತ್ರ. ಮನೆಯೇ ಮದ್ದು.

ಹುಬ್ಬಳ್ಳಿಯ ಮಗನ ತಾಯಿ:
ಉಳಿದ ಶೇ 51ರ ಮನೆಗಳಲ್ಲಿ ನಮ್ಮದೂ ಒಂದು ಎಂದು ತಿಳಿದುಕೊಳ್ಳಿ. ನನಗೆ ಇರುವುದು ಮಗ. ಗಂಡುಮಕ್ಕಳಿಗೆ ಈ ಕಾಯಿಲೆ ಬರುವುದಿಲ್ಲವೆಂದೇ ನಂಬಿದ್ದ ವೈದ್ಯರು ಅವನ ಜಿಮ್ಮನ್ನು ಹೊಗಳಿ ಕಳಿಸಿದರು. ಆಮೇಲೆ ನಾನು ಶಾಲೆಯ ಕೆಲಸ ಬಿಟ್ಟೆ, ಪತಿ ವರ್ಗಾವಣೆಯನ್ನು ಬೇಡವೆಂದರು, ಸಂಬಳವಿಲ್ಲದ ರಜೆ, ಚಿನ್ನದ ಸಾಲ, ಅದರ ಮೇಲೆ ಬಡ್ಡಿ. ಮೂರು ಹೊತ್ತೂ ತಟ್ಟೆಯ ಮುಂದೆ ಯುದ್ಧವೇ. ರೊಟ್ಟಿಯನ್ನು ಪೈಜಾಮದ ಜೇಬಿಗೆ ಸೇರಿಸುತ್ತಿದ್ದ, ಮಜ್ಜಿಗೆಯನ್ನು ತುಳಸಿ ಕಟ್ಟೆಗೆ ಸುರಿಯುತ್ತಿದ್ದ. ರಾತ್ರಿಯೆಲ್ಲ ಅಡುಗೆಯ ವಿಡಿಯೊ ನೋಡಿ, ಬೆಳಿಗ್ಗೆ ನಮಗೆಲ್ಲ ಹೋಳಿಗೆ ಮಾಡಿ ಬಡಿಸಿ, ತಾನು ಮುಟ್ಟುತ್ತಿರಲಿಲ್ಲ. ಇದು ಹಟವಲ್ಲ, ಹಸಿದ ಮಿದುಳಿನ ಕೆಲಸ ಎಂದು ನನಗೆ ಅರ್ಥವಾಗಿದ್ದು ಅಮೆರಿಕದ ಮಿನೆಸೋಟಾ ಹಸಿವಿನ ಪ್ರಯೋಗವನ್ನು ಓದಿದ ಮೇಲೆ. ಆನ್ಸೆಲ್ ಕೀಸ್ 1944-45ರಲ್ಲಿ 36 ಮಂದಿ ಆರೋಗ್ಯವಂತ ಯುವಕರನ್ನು ಅರೆಹೊಟ್ಟೆಯಲ್ಲಿಟ್ಟಾಗ ಅವರಲ್ಲಿ ಹಲವರಿಗೆ ಊಟದ ಹೊರತು ಬೇರೆ ಯೋಚನೆಯೇ ಇಲ್ಲವಾಗಿ, ಅಡುಗೆ ಪುಸ್ತಕಗಳನ್ನು ಕೂಡಿಡತೊಡಗಿದ್ದರು.

ಜಯನಗರದವರು ಹೇಳದೆ ಬಿಟ್ಟ ಇನ್ನೊಂದು ಮಾತಿದೆ. ಆ 2010ರ ಪ್ರಯೋಗಕ್ಕೆ ಸೇರಿಸಿಕೊಂಡಿದ್ದು ಹೊರರೋಗಿಯಾಗಿ ಇರಬಲ್ಲಷ್ಟು ದೇಹಸ್ಥಿತಿ ಸ್ಥಿರವಾಗಿದ್ದ ಮಕ್ಕಳನ್ನು ಮಾತ್ರ. ನನ್ನ ಮಗ ಬಚ್ಚಲುಮನೆಯಲ್ಲಿ ಕುಸಿದಾಗ ಅವನ ಪೊಟ್ಯಾಸಿಯಂ ತೀರಾ ಇಳಿದಿತ್ತು. ಐಸಿಯು, ಪ್ರತಿದಿನವೂ ರಕ್ತದಲ್ಲಿ ರಂಜಕದ (ಫಾಸ್ಫರಸ್) ಪರೀಕ್ಷೆ; ಬಹಳ ದಿನ ಹಸಿದವರಿಗೆ ಒಮ್ಮೆಲೇ ಹೆಚ್ಚು ಉಣಿಸಿದರೆ ರಕ್ತದ ರಂಜಕ ಕುಸಿದು ಹೃದಯಕ್ಕೇ ಅಪಾಯವಾಗುತ್ತದೆ. ಬಿಲ್ಲು ನಾಲ್ಕು ಲಕ್ಷ ದಾಟಿತು. ಆ ನಾಲ್ಕು ಲಕ್ಷಕ್ಕೆ ನನ್ನ ಮಗ ಬದುಕಿದ್ದಾನೆ, ನನಗೆ ಅದೇ ಮದ್ದು.

ಜಯನಗರದ ಅಪ್ಪ:
ತಾಯಿ, ಕುಸಿದ ಮಗುವನ್ನು ಮನೆಯಲ್ಲಿಟ್ಟುಕೊಳ್ಳಿ ಎಂದು ನಾನು ಎಲ್ಲಿಯೂ ಬರೆದಿಲ್ಲ. ಬರೆಯದ ಮಾತಿಗೆ ನನ್ನನ್ನು ಕಟಕಟೆಗೆ ಹತ್ತಿಸಬೇಡಿ.

ಲೆಸ್ಟರ್‌ನ ಕನ್ನಡತಿ:
ನೀವಿಬ್ಬರೂ ಹಣದ ಲೆಕ್ಕವನ್ನೇ ಹೇಳುತ್ತಿದ್ದೀರಿ. ಇಲ್ಲಿ ಇಂಗ್ಲೆಂಡಿನಲ್ಲಿ ಹಣ ಕೊಡಬೇಕಿಲ್ಲ, ಆದರೆ ಕಾಯಬೇಕು. ತುರ್ತಾದರೆ ಒಂದು ವಾರ, ಇಲ್ಲದಿದ್ದರೆ ನಾಲ್ಕು ವಾರದೊಳಗೆ ಮಕ್ಕಳ ಚಿಕಿತ್ಸೆ ಆರಂಭವಾಗಬೇಕೆಂಬ ಗುರಿಯಿದೆ. ನನ್ನ ಮಗಳಿಗೆ ಚಿಕಿತ್ಸೆಗೆ ಕರೆಯುವ ಪತ್ರ ಬಂದಿದ್ದು ಆ ಗುರಿ ದಾಟಿ ಎಷ್ಟೋ ದಿನಗಳಾದ ಮೇಲೆ. ಕಾಯುವಷ್ಟು ಕಾಲವೂ ನಮ್ಮ ಅತ್ತೆಯವರ ಏಕಾದಶಿ, ಸಂಕಷ್ಟಿ, ಶ್ರಾವಣ ಸೋಮವಾರಗಳೆಲ್ಲ ಅವಳಿಗೆ ಒಳ್ಳೆಯ ಮರೆಯಾದವು. ಉಪವಾಸ ಮಾಡುವ ಮೊಮ್ಮಗಳನ್ನು ಮನೆಯವರೆಲ್ಲ ಮುದ್ದಿಸಿದರು. ನಮ್ಮ ಮನೆಗಳಲ್ಲಿ ಈ ಕಾಯಿಲೆಗೆ ಬಾಗಿಲು ತೆರೆಯುವುದೇ ಇಂಥ ಆಚರಣೆಗಳು.

ಉಡುಪಿಯ ಅಜ್ಜಿ:
ಈ ಮಾತಿಗೆ ನನ್ನ ತೀವ್ರ ಆಕ್ಷೇಪಣೆಯಿದೆ. ನಾನು ಮದುವೆಯಾದಂದಿನಿಂದ ಏಕಾದಶಿ ಮಾಡುತ್ತ ಬಂದವಳು, ಮರುದಿನ ದ್ವಾದಶಿಯ ಪಾರಣೆಗೆ ಸೂರ್ಯೋದಯಕ್ಕೇ ಎಲೆಯ ಮುಂದೆ ಕೂರುವವಳು. ವ್ರತಕ್ಕೆ ಪಾರಣೆಯಿದೆ, ನಿಮ್ಮ ಮಗಳ ಉಪವಾಸಕ್ಕೆ ಅದಿರಲಿಲ್ಲ. ಅದನ್ನು ಗಮನಿಸಬೇಕಾದವರು ಆ ಮನೆಯಲ್ಲೇ ಇದ್ದವರು. ಮಕ್ಕಳು, ಬಾಣಂತಿಯರು, ರೋಗಿಗಳು ಉಪವಾಸ ಮಾಡಬಾರದೆಂದು ನಮ್ಮ ಹಿರಿಯರೇ ಹೇಳಿದ್ದಾರೆ. ಮೊದಲು ಆ ಫೋನು ಕಿತ್ತುಕೊಳ್ಳಿ.

ಲೆಸ್ಟರ್‌ನ ಕನ್ನಡತಿ:
ಅಜ್ಜಿ, ಫೋನು ಕಿತ್ತುಕೊಂಡೆವು. ಅವಳು ಊಟವನ್ನು ಇನ್ನಷ್ಟು ಬಿಟ್ಟಳು. ಮತ್ತೇನಾದರೂ ಸಲಹೆಯಿದೆಯೇ?

ಅಜ್ಜಿಯ ಪರವಾಗಿ ಒಬ್ಬ ಓದುಗ:
ಅಜ್ಜಿಯ ಮಾತನ್ನು ಅಷ್ಟು ಹಗುರವಾಗಿ ತಳ್ಳಬೇಡಿ. ಪೆಸಿಫಿಕ್ ಸಾಗರದ ದ್ವೀಪದೇಶ ಫಿಜಿಯ ಒಂದು ಪ್ರಾಂತ್ಯಕ್ಕೆ ಟಿವಿ ಬಂದಿದ್ದು 1995ರಲ್ಲಿ. ಆಗಿನ ಶಾಲಾ ಹುಡುಗಿಯರನ್ನೂ 1998ರ ಹುಡುಗಿಯರನ್ನೂ ಹೋಲಿಸಿದಾಗ, ಊಟದ ಬಗೆಗಿನ ಪ್ರಶ್ನಾವಳಿಯಲ್ಲಿ ಅಪಾಯದ ಅಂಕ ಪಡೆದವರು ಶೇ 12.7ರಿಂದ ಶೇ 29.2ಕ್ಕೆ ಏರಿದ್ದರು, ತೂಕ ಇಳಿಸಲು ವಾಂತಿ ಮಾಡಿಕೊಳ್ಳುವವರು ಮೊದಲು ಒಬ್ಬರೂ ಇರಲಿಲ್ಲ, ಆಮೇಲೆ ಶೇ 11.3ರಷ್ಟಿದ್ದರು. ಪರದೆಯ ತಪ್ಪಿಲ್ಲವೆಂದು ಹೇಗೆ ಹೇಳುತ್ತೀರಿ?

ಜಯನಗರದ ಅಪ್ಪ:
ಆ ಎರಡು ವರ್ಷಗಳಲ್ಲಿ ಕೇಳಿದ್ದು ಬೇರೆ ಬೇರೆ ಹುಡುಗಿಯರನ್ನು, ಒಂದೊಂದು ಗುಂಪಿನಲ್ಲೂ ಅರವತ್ತಕ್ಕೂ ಚೂರು ಹೆಚ್ಚು ಮಂದಿ. ಅಷ್ಟೇ ಆಧಾರದ ಮೇಲೆ ಕಾರಣವನ್ನು ನಿರ್ಣಯಿಸುವಿರಾದರೆ, 2019ರಲ್ಲಿ ಸುಮಾರು 17,000 ರೋಗಿಗಳ ಡಿಎನ್‌ಎ ನೋಡಿ, ಅದರಲ್ಲಿ ಈ ಕಾಯಿಲೆಯೊಡನೆ ನಂಟಿರುವ ಎಂಟು ಜಾಗಗಳನ್ನು ಗುರುತಿಸಿದ ಸಂಶೋಧನೆಗೆ ಏನು ಹೇಳುವಿರಿ? ಅದು ಚಯಾಪಚಯಕ್ಕೂ, ಅಂದರೆ ದೇಹ ಆಹಾರವನ್ನು ಬಳಸಿಕೊಳ್ಳುವ ಬಗೆಗೂ, ಈ ಕಾಯಿಲೆಗೂ ನಂಟನ್ನು ತೋರಿಸಿದೆ. ಟಿವಿ ನೋಡಿದ ಮಕ್ಕಳೆಲ್ಲ ಊಟ ಬಿಟ್ಟಿದ್ದಾರೆಯೇ?

ಗುಣವಾದವಳು, ಮೈಸೂರು:
ಇಷ್ಟು ಹೊತ್ತೂ ತಟ್ಟೆಯ ಈಚೆ ಕುಳಿತವರೇ ಮಾತನಾಡಿದ್ದೀರಿ. ನಾನು ಆಚೆ ಕುಳಿತಿದ್ದವಳು. ನನ್ನ ತಂದೆತಾಯಿ ಮನೆಯ ಚಿಕಿತ್ಸೆಯನ್ನು ಶ್ರದ್ಧೆಯಿಂದ ಮಾಡಿದರು, ತೂಕವೂ ಏರಿತು, ಎಲ್ಲರೂ ಸಿಹಿ ಹಂಚಿದರು. ಕಾಲೇಜಿನ ಹಾಸ್ಟೆಲ್ಲಿಗೆ ಹೋದ ಮೇಲೆ ನಾನು ಬಿಂಜ್ ಮಾಡಿ, ಅಂದರೆ ಒಮ್ಮೆಲೇ ವಿಪರೀತ ತಿಂದು, ವಾಂತಿ ಮಾಡಿಕೊಳ್ಳಲು ಆರಂಭಿಸಿದೆ. ಹಲ್ಲಿನ ಎನಾಮಲ್ ಸವೆದು ಎರಡು ರೂಟ್ ಕೆನಾಲ್, ಎರಡು ಕ್ಯಾಪು, ನಲವತ್ತು ಸಾವಿರ. ಅದನ್ನು ಮನೆಯಲ್ಲಿ ಹೇಳದೆ ಸ್ಕಾಲರ್‌ಶಿಪ್ ಹಣದಿಂದ ಕೊಟ್ಟೆ. ನನ್ನನ್ನು ಎತ್ತಿ ನಿಲ್ಲಿಸಿದ್ದು ನಾನೇ ಹುಡುಕಿಕೊಂಡ ಮನಶ್ಶಾಸ್ತ್ರಜ್ಞೆ, ಒಬ್ಬಳೇ ಹೋಗಿ ಮಾತನಾಡಿದ ಸಿಬಿಟಿ (ಯೋಚನೆ, ವರ್ತನೆಗಳನ್ನು ಬದಲಿಸುವ ಮಾತಿನ ಚಿಕಿತ್ಸೆ) ಮತ್ತು ಖಿನ್ನತೆಗೂ ಕೊಡುವ ಫ್ಲೂಆಕ್ಸೆಟಿನ್ ಮಾತ್ರೆ. ಜಯನಗರದವರು ಹೇಳುವ ಪ್ರಯೋಗದಲ್ಲಿ, ಚಿಕಿತ್ಸೆ ಮುಗಿದ ದಿನ ಎರಡೂ ಗುಂಪುಗಳ ಪೂರ್ಣ ಚೇತರಿಕೆಯಲ್ಲಿ ಸಂಖ್ಯಾಶಾಸ್ತ್ರದ ಪ್ರಕಾರ ವ್ಯತ್ಯಾಸವಿರಲಿಲ್ಲ ಎಂಬುದನ್ನೂ ಓದಿ. ತೂಕ ಏರಿದರೆ ಗುಣವಾಯಿತು ಎಂದು ಯಾರು ಹೇಳಿದರು?

ಜಯನಗರದ ಅಪ್ಪ:
ಆ ಪ್ರಯೋಗವೂ ಹಾಗೆ ಹೇಳಿಲ್ಲ. ತೂಕದ ಜೊತೆಗೆ, ಊಟ ಮತ್ತು ದೇಹದ ಬಗೆಗಿನ ಯೋಚನೆಗಳನ್ನು ಅಳೆಯುವ ಸಂದರ್ಶನದಲ್ಲೂ ಸಾಮಾನ್ಯರ ಮಟ್ಟಕ್ಕೆ ಬಂದವರನ್ನು ಮಾತ್ರ ಚೇತರಿಸಿಕೊಂಡವರೆಂದು ಎಣಿಸಿದ್ದಾರೆ. ಮನೆಯ ಚಿಕಿತ್ಸೆಯಲ್ಲೂ ಉಣಿಸುವುದು ಮೊದಲ ಹಂತ ಮಾತ್ರ. ಎರಡನೆಯದರಲ್ಲಿ ಊಟದ ಹೊಣೆಯನ್ನು ಮಗುವಿಗೆ ಹಂತಹಂತವಾಗಿ ಮರಳಿಸಬೇಕು, ಮೂರನೆಯದರಲ್ಲಿ ವಯಸ್ಸಿಗೆ ಸಹಜವಾದ ಉಳಿದ ಸಂಗತಿಗಳನ್ನು ಕೈಗೆತ್ತಿಕೊಳ್ಳಬೇಕು. ನಿಮ್ಮ ಮನೆಯಲ್ಲಿ ಮೊದಲ ಹಂತಕ್ಕೇ ಸಿಹಿ ಹಂಚಿದರೆ ಅದು ಚಿಕಿತ್ಸೆಯ ದೋಷವಲ್ಲ.

ಗುಣವಾದವಳು, ಮೈಸೂರು:
ನನ್ನ ಅಪ್ಪನೂ ಥೇಟ್ ಹೀಗೆಯೇ ಮಾತನಾಡುತ್ತಾರೆ.

ಹುಬ್ಬಳ್ಳಿಯ ಮಗನ ತಾಯಿ:
ಆ ಹುಡುಗಿ ನಲವತ್ತು ಸಾವಿರವನ್ನು ಮನೆಗೆ ಹೇಳದೆ ಕಟ್ಟಿದಳಂತೆ, ನೀವು ಅವಳಿಗೆ ಹಂತಗಳ ಪಾಠ ಹೇಳುತ್ತಿದ್ದೀರಿ. ಸ್ವಲ್ಪ ಸುಮ್ಮನಿರಿ ಸ್ವಾಮಿ.

ಶಿವಮೊಗ್ಗದ ತಾಯಿ:
ಎಲ್ಲರಿಗೂ ಧನ್ಯವಾದ. ರಕ್ತದ ಮಾದರಿಯ ವಿಷಯವನ್ನು ಯಾರೂ ಹೇಳಲಿಲ್ಲ.

ಗುಣವಾದವಳು, ಮೈಸೂರು:
ಅದನ್ನು ಮಗಳನ್ನು ಕೇಳಿ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) 2017ರ ಮಾರ್ಗಸೂಚಿಯ ಪ್ರಕಾರ ನಿಮ್ಮ ಸಹಿಯೊಂದೇ ಸಾಲದು, ಹದಿನೇಳರ ಹುಡುಗಿಯ ಲಿಖಿತ ಒಪ್ಪಿಗೆಯೂ ಬೇಕು. ಯಾವಾಗ ಬೇಕಾದರೂ ಹಿಂದೆ ಸರಿಯಬಹುದು, ಅದರಿಂದ ಚಿಕಿತ್ಸೆಗೆ ತೊಂದರೆಯಾಗಬಾರದು. ನಾನಾದರೆ ಕೊಡುತ್ತಿದ್ದೆ. ಲಂಡನ್ನಿನ, ಅಮೆರಿಕದ ಮಕ್ಕಳ ಲೆಕ್ಕವನ್ನೇ ಇಟ್ಟುಕೊಂಡು ನಾವಿಲ್ಲಿ ಜಗಳವಾಡುತ್ತಿದ್ದೇವೆ. ಆ ಎಂಟು ಜಾಗಗಳನ್ನು ಹುಡುಕಿದ್ದೂ ಯುರೋಪ್ ಮೂಲದವರ ಡಿಎನ್‌ಎಯಲ್ಲಿ. ಪ್ರಶ್ನಾವಳಿಯ ಕನ್ನಡ ಆವೃತ್ತಿಯಿದೆಯೇ ಎಂದು ಮೊದಲೇ ವಿಚಾರಿಸಿ, ಮತ್ತು ಅವಳು ಅದನ್ನು ತುಂಬುವಾಗ ನೀವು ಕೋಣೆಯಲ್ಲಿ ಇರಬೇಡಿ.

ಜಯನಗರದ ಅಪ್ಪ:
ಇದನ್ನು ನಾನೂ ಒಪ್ಪುತ್ತೇನೆ. ಆ ರಕ್ತಪರೀಕ್ಷೆಯ ಶುಲ್ಕವನ್ನು ಮಾತ್ರ ಸಂಶೋಧಕರೇ ಭರಿಸುತ್ತಾರೆಂದು ಬರವಣಿಗೆಯಲ್ಲಿ ಪಡೆಯಿರಿ.